ಮಳೆಗೆ ಹೆದರದ ಡಿಶ್

ಮಳೆಗಾಲದಲ್ಲಿ ನನ್ನ ಫೋನಿಗೆ ಬರುತ್ತಿದ್ದ ಕರೆಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: "ಮಾರಾಯ್ರೆ, ಮಳೆ ಬಂದ ಕೂಡ್ಲೆ ಟಿ.ವಿ. ಹೋಗ್ತದೆ." ಉಡುಪಿಯ ಮಲ್ಪೆ, ಕಲ್ಮಾಡಿ, ಕೊಡವೂರು ಕಡೆ ಮನೆಮನೆಗೆ ಡಿಶ್ ಕೂರಿಸುತ್ತಿದ್ದವನು ನಾನು. ಇದು ಡಿಶ್ಶಿನ ತಪ್ಪಲ್ಲ, ಆ ತರಂಗದ ಗುಣವೇ ಹಾಗೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಟಿ.ವಿ. ಸಿಗ್ನಲ್ ಬರುವುದು 11–12 ಗಿಗಾಹರ್ಟ್ಸ್‌ನಲ್ಲಿ. ಅಲೆಯ ಉದ್ದ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್. ನಮ್ಮೂರಿನ ಆಟಿ ಮಳೆಯ ದಪ್ಪ ಹನಿ ಅದನ್ನು ಹೀರಿಯೂ ಚದುರಿಸಿಯೂ ಮುಗಿಸಿಬಿಡುತ್ತದೆ. ಹವಾಮಾನ ಉಪಗ್ರಹಗಳು ಚಿತ್ರ ಕಳಿಸುವುದು 1.7 ಗಿಗಾಹರ್ಟ್ಸ್ ಹತ್ತಿರ. ಆ ಅಲೆ ಹದಿನೇಳೂವರೆ ಸೆಂಟಿಮೀಟರಿಗಿಂತಲೂ ಉದ್ದ. ಎಂಥ ಮಳೆ ಹೊಡೆದರೂ ಅದಕ್ಕೆ ಲೆಕ್ಕವಿಲ್ಲ.

ಈ ವ್ಯತ್ಯಾಸ ನನ್ನ ತಲೆಗೆ ಹೊಕ್ಕಿದ್ದು 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತ ನಮ್ಮ ಕಡಲಿನಲ್ಲೇ ಉತ್ತರಕ್ಕೆ ಸರಿದ ದಿನ. ಟಿ.ವಿ.ಯವರು ತೋರಿಸುತ್ತಿದ್ದದ್ದು ಅದೇ ಮೋಡದ ಸುರುಳಿ, ಟಿ.ವಿ. ಹಾಳಾಗಿದ್ದೂ ಅದೇ ಮೋಡದ ಮಳೆಗೆ. ಉಪಗ್ರಹದ ಚಿತ್ರವನ್ನು ನೇರವಾಗಿ ನಾವೇ ಯಾಕೆ ಇಳಿಸಿಕೊಳ್ಳಬಾರದು ಅನ್ನಿಸಿತು. ಮಾಡಲು ಪುರಸೊತ್ತು ಸಿಕ್ಕಿದ್ದು ಮಾತ್ರ ತುಂಬ ತಡವಾಗಿ, ಎಲ್ಲರ ಮನೆಗೂ ಫೈಬರ್ ಬಂದು ನನ್ನ ಕೆಲಸ ಅರ್ಧ ಆದ ಮೇಲೆ. ಡಿಶ್ ಹುಡುಕಿಕೊಂಡು ಹೋಗುವ ಅಗತ್ಯವೇ ಬೀಳಲಿಲ್ಲ. ತೆಗೆದುಕೊಂಡು ಹೋಗಿ ಅಂತ ಜನರೇ ಕರೆದು ಕೊಡುತ್ತಿದ್ದರು.

ಹೆಚ್ಚಿನವರು ಈ ಹವ್ಯಾಸ ಶುರು ಮಾಡುತ್ತಿದ್ದದ್ದು ಅಮೆರಿಕದ ನೋವಾ ಉಪಗ್ರಹಗಳಿಂದ. 137 ಮೆಗಾಹರ್ಟ್ಸ್, ಎರಡು ಅಲ್ಯೂಮಿನಿಯಂ ಕಡ್ಡಿಯ ಆಂಟೆನಾ, ಸ್ಪೀಕರಿನಲ್ಲಿ ಟಿಕ್-ಟಾಕ್ ಟಿಕ್-ಟಾಕ್ ಅನ್ನುವ ಸದ್ದು, ಸೆಕೆಂಡಿಗೆ ಎರಡು ಗೆರೆಯಂತೆ ಮೂಡುವ ಚಿತ್ರ. ಆ ಕಾಲ ಮುಗಿಯಿತು. ನೋವಾ-18 ನಿಂತದ್ದು 2025ರ ಜೂನ್‌ನಲ್ಲಿ, ನೋವಾ-19 ಮತ್ತು 1998ರಲ್ಲಿ ಹಾರಿದ್ದ ಹಿರಿಯಜ್ಜ ನೋವಾ-15 ಅದೇ ಆಗಸ್ಟ್‌ನಲ್ಲಿ. ಆ ಬ್ಯಾಂಡಿನಲ್ಲಿ ರಷ್ಯಾದ ಮೀಟಿಯರ್ ಉಪಗ್ರಹಗಳು ಹಾದುಹೋಗುತ್ತವೆ. ಆದರೆ ಅವು ಬರುವ ಹೊತ್ತಿಗೆ ಕಾದು ಕೂರಬೇಕು. ಡಿಶ್ಶಿನವನಿಗೆ ಅದು ಒಗ್ಗುವುದಿಲ್ಲ. ಒಮ್ಮೆ ಬೋಲ್ಟ್ ಬಿಗಿ ಮಾಡಿದರೆ ಅಲ್ಲೇ ಇರುವ ಉಪಗ್ರಹ ಬೇಕು ನನಗೆ.

ಅಂಥದ್ದು ನಮ್ಮ ನೆತ್ತಿಯ ಮೇಲೇ ಉಂಟು: ಎಲೆಕ್ಟ್ರೋ-ಎಲ್ ನಂಬರ್ 3. ರಷ್ಯಾದವರು 2019ರ ಡಿಸೆಂಬರಿನಲ್ಲಿ ಹಾರಿಸಿದ್ದು, ಭೂಮಧ್ಯರೇಖೆಯ ಮೇಲೆ 76 ಡಿಗ್ರಿ ಪೂರ್ವದಲ್ಲಿ ನಿಂತಿದೆ. ಉಡುಪಿ ಇರುವುದು 74.75ರಲ್ಲಿ. ಹಾಗಾಗಿ ಇಲ್ಲಿಂದ ಅದು ದಕ್ಷಿಣಕ್ಕೆ, ಸುಮಾರು 74 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. 83 ಡಿಗ್ರಿಯ ಟಿ.ವಿ. ಉಪಗ್ರಹಕ್ಕೆ ಕೂರಿಸಿದ ಡಿಶ್ ಇದ್ದರೆ ಅದನ್ನು ಆಗ್ನೇಯದಿಂದ ದಕ್ಷಿಣದ ಕಡೆ ಸುಮಾರು 27 ಡಿಗ್ರಿ ತಿರುಗಿಸಿ, ಎರಡೋ ಮೂರೋ ಡಿಗ್ರಿ ಎತ್ತಿದರೆ ಮುಗಿಯಿತು. ಎದುರು ಎಷ್ಟೇ ಮಹಡಿಯ ಫ್ಲ್ಯಾಟು ಎದ್ದರೂ ಅಡ್ಡಿಯಿಲ್ಲ. ಬಾವಿಯ ಒಳಗಿಂದ ಕಾಣುವಷ್ಟು ಆಕಾಶ ಕಂಡರೆ ಸಾಕು.

ಟಿ.ವಿ.ಯ ಎಲ್‌ಎನ್‌ಬಿ, ಅಂದರೆ ಡಿಶ್ಶಿನ ಎದುರು ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ, ಇಲ್ಲಿ ನಡೆಯುವುದಿಲ್ಲ, ಅದನ್ನು ಬಿಚ್ಚಿ ಎಸೆಯಬೇಕು. ಅದರ ಜಾಗಕ್ಕೆ ತಾಮ್ರದ ತಂತಿಯ ಸುರುಳಿ. ಸುರುಳಿಯ ಒಂದು ಸುತ್ತಿನ ಉದ್ದ ಅಲೆಯ ಉದ್ದದಷ್ಟಿರಬೇಕು, ಅಂದರೆ ವ್ಯಾಸ 5.6 ಸೆಂಟಿಮೀಟರ್. ಸುತ್ತಿನಿಂದ ಸುತ್ತಿಗೆ ನಾಲ್ಕೂವರೆ ಸೆಂಟಿಮೀಟರಿಗೆ ಕೊಂಚ ಕಡಿಮೆ ಅಂತರ. 50 ಎಂ.ಎಂ. ಪಿವಿಸಿ ಪೈಪಿನ ಮೇಲೆ 3 ಎಂ.ಎಂ. ತಂತಿಯನ್ನು ಒತ್ತಿ ಸುತ್ತಿ ಕೈ ಬಿಡಿ. ತಂತಿ ತಾನಾಗಿ ಸ್ವಲ್ಪ ಸಡಿಲಗೊಂಡು ಬೇಕಾದ ಅಳತೆಗೇ ಬಂದು ನಿಲ್ಲುತ್ತದೆ. ಐದೂವರೆ ಸುತ್ತು ಹಾಕಿದ್ದೇನೆ. ಸುರುಳಿಯ ಬುಡಕ್ಕೆ ಒಂದು ಲೋಹದ ತಟ್ಟೆ ಬೇಕು. ನಾನು ಹಾಕಿದ್ದು ಸ್ಟೀಲಿನ ಬಟ್ಟಲು. "ಅಂಗಡಿಯಲ್ಲಿ ಬೇರೆ ತಗಡು ಸಿಗುವುದಿಲ್ವಾ?" ಅಂತ ಹೆಂಡತಿ ಕೇಳಿದ್ದಾಳೆ. ಸಿಗುತ್ತದೆ, ಆದರೆ ಅಷ್ಟು ದುಂಡಗೆ ಕತ್ತರಿಸಿದ್ದು ಸಿಗುವುದಿಲ್ಲ.

ಸುತ್ತುವ ದಿಕ್ಕು ಮುಖ್ಯ. ಈ ಉಪಗ್ರಹದ ಅಲೆ ಬಲಕ್ಕೆ ತಿರುಚಿಕೊಂಡು ಬರುತ್ತದೆ. ಡಿಶ್ಶಿಗೆ ಬಡಿದು ಹಿಂದಿರುಗುವಾಗ ಕನ್ನಡಿಯಲ್ಲಿ ಆದಂತೆ ಅದು ಎಡಕ್ಕಾಗುತ್ತದೆ. ಆದ್ದರಿಂದ ಸುರುಳಿ ಸಾಮಾನ್ಯ ಸ್ಕ್ರೂ ಮರೆಗೆ ಉಲ್ಟಾ ಇರಬೇಕು. ಟಿ.ವಿ. ಡಿಶ್ಶಿನಲ್ಲಿ ನಮಗೆ ಈ ಪಾಠವೇ ಇರಲಿಲ್ಲ, ಅಲ್ಲಿ ಅಡ್ಡ–ಉದ್ದ ಎರಡೇ.

ಸುರುಳಿಯ ಹಿಂದೆಯೇ, ಕೇಬಲ್ ಶುರುವಾಗುವ ಮೊದಲು, ಫಿಲ್ಟರ್ ಇರುವ ಎಲ್‌ಎನ್‌ಎ, ಅಂದರೆ ಕ್ಷೀಣ ಸಿಗ್ನಲನ್ನು ಜೋರು ಮಾಡುವ ಪುಟ್ಟ ಡಬ್ಬಿ, ಕೂರಿಸಬೇಕು. ಇದರಲ್ಲಿ ಮಾತ್ರ ಜಿಪುಣತನ ಬೇಡ. 1800 ಮೆಗಾಹರ್ಟ್ಸ್‌ನ ಮೊಬೈಲ್ ಟವರುಗಳು ಪಕ್ಕದಲ್ಲೇ ಕೂಗುತ್ತಿರುವಾಗ ಫಿಲ್ಟರ್ ಇಲ್ಲದಿದ್ದರೆ ಏನೂ ಕೇಳುವುದಿಲ್ಲ. ಕೆಳಗೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ರೇಡಿಯೋ ಅಲೆ ಕೇಳಿಸುವ ಸಣ್ಣ ರಿಸೀವರ್. ಅದೇ ಕೇಬಲ್ಲಿನಲ್ಲಿ ಸುಮಾರು ಐದು ವೋಲ್ಟ್ ಮೇಲಕ್ಕೆ ಕಳಿಸಿ ಎಲ್‌ಎನ್‌ಎಗೆ ಜೀವ ಕೊಡುತ್ತದೆ. ಟಿ.ವಿ. ಡಿಶ್ಶಿನ ಹಳೆಯ ಆರ್‌ಜಿ-6 ಕೇಬಲ್ಲೇ ಧಾರಾಳ ಸಾಕು. ಆದರೆ ಆ ಕೇಬಲನ್ನು ಯಾರೂ ಮರೆತು ಸೆಟ್-ಟಾಪ್ ಬಾಕ್ಸಿಗೆ ಹಾಕದ ಹಾಗೆ ನೋಡಿಕೊಳ್ಳಿ. ಬಾಕ್ಸ್ ಕಳಿಸುವುದು 13 ಇಲ್ಲವೇ 18 ವೋಲ್ಟ್, ಎಲ್‌ಎನ್‌ಎ ಅಲ್ಲೇ ಶಿವಾಯ ನಮಃ. ತಂತ್ರಾಂಶ ಸ್ಯಾಟ್‌ಡಂಪ್, ಉಚಿತ. 1691 ಮೆಗಾಹರ್ಟ್ಸ್‌ಗೆ ಇಟ್ಟು, ಎಲೆಕ್ಟ್ರೋ ಎಲ್‌ಆರ್‌ಐಟಿ (ಅದರ ಕಡಿಮೆ ಸೂಕ್ಷ್ಮದ ಚಿತ್ರದ ಸಿಗ್ನಲ್) ಆರಿಸಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. 60 ಸೆಂಟಿಮೀಟರ್ ಡಿಶ್ಶಿನಲ್ಲಿ ಸಿಗ್ನಲ್ ಬಂದಿತ್ತು, ಆದರೆ ಚಿತ್ರದ ನಡುನಡುವೆ ಕಪ್ಪು ಪಟ್ಟಿ. 90ರದ್ದು ಹಾಕಿದ ಮೇಲೆ ನಿರಾಳ.

ನಿಜವಾದ ತಲೆನೋವು ಆಕಾಶದಲ್ಲಿಲ್ಲ, ತಾರಸಿಯಲ್ಲಿದೆ. ನಮ್ಮ ಕಡೆ ತಾರಸಿ ಇರುವ ಮನೆಗೂ ಮೇಲೊಂದು ಶೀಟ್ ಮಾಡು ಇರುತ್ತದೆ, ಇಲ್ಲದಿದ್ದರೆ ಗೋಡೆಯೆಲ್ಲ ಒಸರು. ಶೀಟಿನ ಅಡಿ ಡಿಶ್ ಇಟ್ಟರೆ ಏನೂ ಬರುವುದಿಲ್ಲ. ಶೀಟಿನ ಮೇಲೆ ಇಡಲು ಹೋದರೆ ಕೊರೆದ ಪ್ರತಿ ತೂತಿನಿಂದಲೂ ಹನಿ. ನಾನು ಪ್ಯಾರಪೆಟ್ ಗೋಡೆಗೆ ಹೊರಚಾಚಿದ ಜಿ.ಐ. ಪೈಪ್ ಹಾಕಿದ್ದೇನೆ. ಅಲ್ಲಿಗೆ ಮೇಲಿಂದ ತೆಂಗಿನ ಮಡಲಿನ ಕಾಟ. ಉಪಗ್ರಹ ನೆತ್ತಿಯಲ್ಲಿದ್ದರೆ ಫ್ಲ್ಯಾಟಿನ ಭಯ ಇಲ್ಲ, ತೆಂಗಿನ ಭಯ ಉಂಟು. ಮತ್ತೆ ಉಪ್ಪುಗಾಳಿ. ಕಡಲಿನಿಂದ ಇಷ್ಟು ಹತ್ತಿರದಲ್ಲಿ ಕೇಬಲ್ಲಿನ ತುದಿಯ ಎಫ್-ಕನೆಕ್ಟರ್ ಒಂದು ಮಳೆಗಾಲ ಬಾಳಿದರೆ ದೊಡ್ಡದು. ಬಿಚ್ಚಿ ನೋಡಿದರೆ ಒಳಗಿನ ಪಿನ್ನಿನ ಮೇಲೆ ಹಸಿರು ಕಿಲುಬು, ಹೊರಗಿನ ಹೆಣೆದ ತಂತಿ ಮುಟ್ಟಿದರೆ ಪುಡಿ. ರಬ್ಬರಿನ ಹಾಗೆ ಎಳೆದು ಸುತ್ತುವ, ತನಗೆ ತಾನೇ ಅಂಟಿಕೊಳ್ಳುವ ಟೇಪ್ ಸಿಗುತ್ತದೆ, ಅದನ್ನೇ ಸುತ್ತಿ. ಮಾಮೂಲು ಕರೆಂಟ್ ಟೇಪ್ ಒಳಗೆ ನೀರು ಕೂಡಿಡುತ್ತದೆ ಅಷ್ಟೆ.

ಚಿತ್ರ ಬರುವುದು ಇಡೀ ಭೂಗೋಳದ್ದು. ಮೇಲ್ಭಾಗದ ಸರಿ ನಡುವೆ ಇಂಡಿಯಾ, ಎಡಕ್ಕೆ ಅರಬ್ಬೀ ಸಮುದ್ರ, ಅದರಾಚೆ ಆಫ್ರಿಕಾದ ಕೊಂಬು. ಮುಂಗಾರು ಜೋರಿರುವಾಗ ಕೇರಳದಿಂದ ಗುಜರಾತಿನವರೆಗೆ ಕರಾವಳಿಗೆ ಅಂಟಿಕೊಂಡ ಮೋಡದ ಪಟ್ಟಿ ಕಾಣುತ್ತದೆ. ಪಕ್ಕದ ಮನೆಯ ಮಕ್ಕಳಿಗೆ ಇದರಲ್ಲಿ ತಿಳಿಯಬೇಕಾದ್ದು ಒಂದೇ, ನಾಳೆ ಡಿ.ಸಿ. ರಜೆ ಕೊಡುತ್ತಾರೋ ಇಲ್ಲವೋ. ಅದನ್ನು ಹೇಳುವ ಉಪಗ್ರಹ ಇನ್ನೂ ಹಾರಿಲ್ಲ. ನಮ್ಮ ಓಣಿಯ, ಮೀನುಗಾರಿಕೆ ಬೋಟ್ ನಡೆಸುವ ತಾಂಡೇಲರು ಒಮ್ಮೆ ಬಂದು ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿ, "ಮೋಡ ಕಾಣ್ತದೆ ಸರಿ, ಗಾಳಿ ಎಲ್ಲುಂಟು?" ಅಂದರು. ಸರಿಯಾದ ಪ್ರಶ್ನೆ. ಬೋಟಿನವರಿಗೆ ಬೇಕಾದ್ದು ಗಾಳಿ ಮತ್ತು ಅಲೆ. ಅದಕ್ಕೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನವರ ಮುನ್ಸೂಚನೆ ನೋಡಬೇಕು, ನನ್ನ ಡಿಶ್ಶನ್ನಲ್ಲ.

ಮಳೆಯ ಲೆಕ್ಕದಲ್ಲೂ ಚಿತ್ರವನ್ನು ಪೂರ್ತಿ ನಂಬಬೇಡಿ. ಇನ್‌ಫ್ರಾರೆಡ್ ಚಿತ್ರದಲ್ಲಿ ಬೆಳ್ಳಗೆ ಕಾಣುವುದು ತಣ್ಣಗಿನ, ಅಂದರೆ ತುಂಬ ಎತ್ತರದ ಮೋಡದ ನೆತ್ತಿ. ನಮ್ಮ ಘಟ್ಟದ ಬುಡದಲ್ಲಿ ಎಷ್ಟೋ ಸಲ ಧೋ ಎಂದು ಸುರಿಯುವುದು ಅಷ್ಟೇನೂ ಎತ್ತರವಿಲ್ಲದ ಮೋಡ. ಕಡಲಿನ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದಲ್ಲೇ ಸುರಿದುಬಿಡುತ್ತದೆ. ಚಿತ್ರದಲ್ಲಿ ಅದು ಮಂಕು ಬೂದು. ಬೆಳ್ಳಗಿಲ್ಲವಲ್ಲ ಅಂತ ಬಟ್ಟೆ ಒಣಹಾಕಿದರೆ ಮತ್ತೊಮ್ಮೆ ಹಿಂಡಬೇಕಾದೀತು.

ನಮ್ಮದೇ ಇನ್ಸಾಟ್ ಇರುವಾಗ ರಷ್ಯಾದ್ದು ಯಾಕೆ ಅಂತ ಕೇಳುವವರಿದ್ದಾರೆ. 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್‌ಅನ್ನು ನೋಡಿಕೊಳ್ಳುವುದು ಶಿರಾಡಿ ಘಾಟಿ ಹತ್ತಿದರೆ ಸಿಗುವ ಹಾಸನದಿಂದಲೇ. ಚಿತ್ರಗಳೂ ಚೆಂದ, ಇಸ್ರೋದ ಮಾಸ್ಡ್ಯಾಕ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಅದಕ್ಕೆ ಇಂಟರ್ನೆಟ್ ಬೇಕು. ಕರೆಂಟ್ ಹೋಗಿ, ಫೈಬರ್ ಸತ್ತು, ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲದ ರಾತ್ರಿ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ನನ್ನದು ನಡೆಯುತ್ತದೆ.

ಮುಂದಿನದು ಇದೇ ಉಪಗ್ರಹದ ಎಚ್‌ಆರ್‌ಐಟಿ, ಅಂದರೆ ಇನ್ನೂ ಸೂಕ್ಷ್ಮ ಚಿತ್ರ. ಅದಕ್ಕೆ 90 ಸಾಲದು. ಕೇಬಲ್‌ನವರು ಮೊದಲು ಇಡುತ್ತಿದ್ದ ಆರಡಿಯ ಜಾಲರಿ ಡಿಶ್ ಉಡುಪಿ ಸುತ್ತಮುತ್ತ ಯಾರ ಹಿತ್ತಿಲಲ್ಲಾದರೂ ಬಿದ್ದಿದ್ದರೆ ಗುಜರಿಯವನಿಗೆ ತೂಗಿ ಕೊಡುವ ಮೊದಲು ನನಗೊಂದು ಮಾತು ಹೇಳಿ. ರಿಕ್ಷಾ ಟೆಂಪೋ ನಾನೇ ತರುತ್ತೇನೆ.