ಮೂರನೇ ಒಂದು ಪಾಲಿನ ನಿಯಮ ಎಲ್ಲಿ ಸೋಲುತ್ತದೆ

ಯುದ್ಧಕಾಲದಲ್ಲಿ ಮುಳುಗಿದ ಹಡಗುಗಳಿಗೂ ನೀರು ತುಂಬಿದ ಗಣಿಗಳಿಗೂ ಡೈವರ್‌ಗಳನ್ನು ಕರೆದೊಯ್ಯುವುದು ನನ್ನ ಕೆಲಸ. ಎರಡೂ ಕಡೆ ತಲೆಯ ಮೇಲೆ ಸೂರಿರುವುದರಿಂದ, ತೊಂದರೆಯಾದಾಗ ನೇರವಾಗಿ ಮೇಲೇರುವಂತಿಲ್ಲ. ಹೋದ ದಾರಿಯಲ್ಲೇ ಹಿಂತಿರುಗಬೇಕು. ಆದ್ದರಿಂದ ಗಾಳಿಯ ಲೆಕ್ಕವನ್ನು ನೀರಿಗಿಳಿಯುವ ಮೊದಲೇ ಮುಗಿಸುತ್ತೇವೆ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲು ಜೊತೆಗಾರನ ಗಾಳಿ ನಿಂತುಹೋದರೆ ಅವನಿಗೆ. ಗುಹೆ ಡೈವಿಂಗ್‌ನಿಂದ ಬಂದ ಈ ನಿಯಮಕ್ಕೆ ಒಂದು ಷರತ್ತಿದೆ. ಹೋದಷ್ಟೇ ವೇಗದಲ್ಲಿ ಹಿಂತಿರುಗಲು ಸಾಧ್ಯವಾದರೆ ಮಾತ್ರ ಲೆಕ್ಕ ಸರಿಹೊಂದುತ್ತದೆ; ಆಗಲೂ ಇಬ್ಬರೂ ಒಂದೇ ಟ್ಯಾಂಕಿನಿಂದ ಉಸಿರಾಡಬೇಕಾಗಿ ಬಂದರೆ, ಬಾಗಿಲು ತಲುಪುವಷ್ಟರಲ್ಲಿ ಅದು ಬರಿದಾಗಿರುತ್ತದೆ.

ಹಿಂತಿರುಗುವ ವೇಗ ಕುಸಿಯುವುದು ಹೂಳು ಕದಡಿ ಕಣ್ಣು ಕಾಣದಾಗುವುದರಿಂದ. ಫಿನ್ (ಈಜಲು ಕಾಲಿಗೆ ತೊಡುವ ರೆಕ್ಕೆ) ಬೀಸುವುದನ್ನು ಹತೋಟಿಯಲ್ಲಿಟ್ಟರೆ ಸಾಕೆಂದು ಹೊಸಬರು ಭಾವಿಸುತ್ತಾರೆ, ಆದರೆ ನಾವು ಬಿಡುವ ಉಸಿರಿನ ಗುಳ್ಳೆಗಳು ಚಾವಣಿಗೆ ಬಡಿದು ಹಡಗಿನಲ್ಲಿ ತುಕ್ಕಿನ ಪದರಗಳನ್ನೂ ಗಣಿಯಲ್ಲಿ ಅದಿರಿನ ಸಣ್ಣ ಧೂಳನ್ನೂ ಉದುರಿಸುತ್ತವೆ, ಹೊರಬರುವಾಗ ನಾವು ಹಾಯಬೇಕಾದದ್ದು ಅದೇ ಕಲಕಿದ ನೀರನ್ನು. ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮರಳಿ ಕೊಡುವ ರೀಬ್ರೀದರ್ ಸಾಧನ ಬಹುಮಟ್ಟಿಗೆ ಗುಳ್ಳೆ ಬಿಡುವುದಿಲ್ಲ, ನಿಜ. ಆದರೆ ಅದು ಕೈಕೊಟ್ಟು ಬದಲಿ ಟ್ಯಾಂಕಿನಿಂದ ಉಸಿರಾಡತೊಡಗಿದೊಡನೆ, ಅಂದರೆ ಕಣ್ಣು ಕಾಣಲೇಬೇಕಾದ ಹೊತ್ತಿನಲ್ಲಿ, ಗುಳ್ಳೆಗಳೂ ಶುರುವಾಗುತ್ತವೆ.

ಈ ಎರಡು ಬಗೆಯ ಜಾಗಗಳೂ ಒಟ್ಟಿಗಿರುವುದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಬೆಲ್ ಐಲ್ಯಾಂಡ್‌ನಲ್ಲಿ. ಅಲ್ಲಿನ ಕಬ್ಬಿಣದ ಗಣಿ 1895ರಲ್ಲಿ ಆರಂಭವಾಗಿ 1966ರಲ್ಲಿ ಮುಚ್ಚಿತು. ಆ ಅದಿರಿಗಾಗಿ ಬಂದ ನಾಲ್ಕು ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು 1942ರಲ್ಲಿ ಮುಳುಗಿಸಿದವು: ಸೆಪ್ಟೆಂಬರ್ 5ರಂದು ಸಾಗನಾಗಾ ಮತ್ತು ಲಾರ್ಡ್ ಸ್ಟ್ರಾತ್‌ಕೋನಾ, ನವೆಂಬರ್ 2ರಂದು ರೋಸ್ ಕ್ಯಾಸಲ್ ಮತ್ತು ಪಿಎಲ್‌ಎಂ 27. ಹಡಗು ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ, ಹರಿದ ತಗಡಿನ ಅಂಚು ದಾರಿ ತಪ್ಪದೆ ಹಿಂತಿರುಗಲು ನಾವು ಎಳೆದುಕೊಂಡು ಹೋಗುವ ಮಾರ್ಗದರ್ಶಿ ಹಗ್ಗವನ್ನೇ ಕತ್ತರಿಸಬಲ್ಲದು, ಸುತ್ತಲಿನ ಉಕ್ಕಿನಿಂದಾಗಿ ದಿಕ್ಸೂಚಿಯನ್ನು ನಂಬುವಂತಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಎಚ್ಚರದಿಂದಿರುತ್ತಾರೆ. ನನಗೆ ಹೆಚ್ಚು ಭಯ ಗಣಿಯದೇ. ಹರಿವಿಲ್ಲದ ಅಲ್ಲಿನ ನೀರು ಗಾಜಿನಂತೆ ತಿಳಿಯಾಗಿರುವುದರಿಂದ ಹಗ್ಗದಿಂದ ದೂರ ಸರಿದರೂ ಏನೂ ಆಗದೆಂಬ ಧೈರ್ಯ ಬರುತ್ತದೆ, ಒಮ್ಮೆ ಕದಡಿದರೆ ಮಾತ್ರ ಆ ಧೂಳನ್ನು ಕೊಚ್ಚಿಕೊಂಡು ಹೋಗಲು ಹರಿವೂ ಇರುವುದಿಲ್ಲ.

ಯಾವ ವಸ್ತುವನ್ನೂ ಮುಟ್ಟಬಾರದೆಂಬ ಕಟ್ಟುಪಾಡನ್ನು ಸತ್ತ ನಾವಿಕರ ಮೇಲಿನ ಗೌರವಕ್ಕಾಗಿ ಪಾಲಿಸುತ್ತೇವೆ; 1939ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ಮುಳುಗಿದ ಬ್ರಿಟಿಷ್ ಯುದ್ಧನೌಕೆ ರಾಯಲ್ ಓಕ್‌ನಂತಹ ಸಮಾಧಿಗಳ ಬಳಿ ಅನುಮತಿಯಿಲ್ಲದೆ ಮುಳುಗುವುದೇ ನಿಷಿದ್ಧ. ಒಂದು ತಟ್ಟೆ ಎತ್ತಿದರೂ ಕೋಣೆಯೇ ಕದಡುತ್ತದೆ ಎಂಬುದು ನನ್ನ ಇನ್ನೊಂದು ಕಾರಣ.

ಈಗ ನಾನು ತಂಡವನ್ನು ಮೊದಲು ತೆರೆದ ನೀರಿನಲ್ಲಿ ಕಣ್ಣು ಮುಚ್ಚಿ, ಒಂದೇ ಟ್ಯಾಂಕಿನ ಗಾಳಿ ಹಂಚಿಕೊಂಡು, ಹಗ್ಗ ಹಿಡಿದು ಸಾಗುವಂತೆ ಮಾಡಿ ಸಮಯ ಅಳೆಯುತ್ತೇನೆ. ಹೋದದ್ದಕ್ಕಿಂತ ಎರಡರಷ್ಟು ಹೊತ್ತು ಹಿಡಿದರೆ, ಇಬ್ಬರು ಹೊರಬರಲು ಒಳಹೋದವನೊಬ್ಬನ ಖರ್ಚಿನ ನಾಲ್ಕರಷ್ಟು ಗಾಳಿ ಬೇಕು. ಅಂದರೆ ಒಳಹೋಗಲು ಸಿಗುವುದು ಐದನೇ ಒಂದು ಪಾಲು. ಗಾಬರಿಯಲ್ಲಿ ಉಸಿರಾಟ ಏರುವುದರಿಂದ ನಾನು ಅದನ್ನು ಆರನೇ ಒಂದು ಪಾಲಿಗೆ ಇಳಿಸುತ್ತೇನೆ. ಡೀಕಂಪ್ರೆಷನ್‌ಗೆ, ಅಂದರೆ ಮೈಯಲ್ಲಿ ಕರಗಿದ ಅನಿಲ ಹೊರಹೋಗಲೆಂದು ನಿಂತು ನಿಂತು ಮೇಲೇರುವುದಕ್ಕೆ, ಬೇಕಾದ ಗಾಳಿಯನ್ನು ಈ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿಯೇ ಇಡುತ್ತೇನೆ.