ನಾಳೆ ಬೀಮ್ ನಿಲ್ಲುತ್ತದೆ

2022 ನವೆಂಬರ್ 27, ಭಾನುವಾರ
ಸೆಸ್ಸಿ, ಫ್ರಾನ್ಸ್

ನಾಳೆ ಬೆಳಿಗ್ಗೆ ಸೆರ್ನ್‌ನ (ಜಿನೀವಾ ಹತ್ತಿರದ ಕಣ ಭೌತಶಾಸ್ತ್ರ ಪ್ರಯೋಗಾಲಯ) ಎಲ್‌ಎಚ್‌ಸಿಯಲ್ಲಿ, ಅಂದರೆ ಕಣಗಳನ್ನು ಭಾರೀ ವೇಗದಲ್ಲಿ ಓಡಿಸಿ ಡಿಕ್ಕಿ ಹೊಡೆಸುವ ಯಂತ್ರದಲ್ಲಿ, ಈ ವರ್ಷದ ಕೊನೆಯ ಬೀಮ್ (ಕಣಗಳ ಧಾರೆ) ಡಂಪ್ ಆಗುತ್ತದೆ, ಅಂದರೆ ಅದನ್ನು ಉಂಗುರದಿಂದ ಹೊರಗೆ ಹಾಕುತ್ತಾರೆ. ಆಮೇಲೆ ಮಾರ್ಚ್ ಕೊನೆಯವರೆಗೂ 27 ಕಿಲೋಮೀಟರ್ ಉಂಗುರ ಖಾಲಿ. ವರ್ಷದ ಶುರುವಿನ ಕ್ಯಾಲೆಂಡರ್ ತೆಗೆದು ನೋಡಿದರೆ ಇನ್ನೂ ಎರಡು ವಾರ ಓಡಬೇಕಿತ್ತು. ಆ ಎರಡು ವಾರ ಯಾರ ಪಾಲಿನಿಂದ ಹೋಯಿತು, ಅವರ ಪಾಲಿನಿಂದಲೇ ಯಾಕೆ ಹೋಯಿತು ಅನ್ನುವುದು ಸೆಪ್ಟೆಂಬರ್‌ನಿಂದ ತಲೆಯಲ್ಲಿ ಓಡುತ್ತಿದೆ. ಇವತ್ತು ಪುರುಸೊತ್ತಿದೆ, ಬರೆದಿಡುತ್ತೇನೆ.

ನನ್ನ ಕೆಲಸ ಸಿಎಂಎಸ್ ಪ್ರಯೋಗದ ಕಡೆಯಿಂದ ವೇಳಾಪಟ್ಟಿ ನೋಡಿಕೊಳ್ಳುವುದು. ಊರಲ್ಲಿ ಯಾರಾದರೂ ಏನು ಕೆಲಸ ಅಂದರೆ "ಮೀಟಿಂಗ್ ಮಾಡ್ತೀನಿ" ಅಂತೀನಿ. ಸುಳ್ಳೇನಲ್ಲ. ಇಲ್ಲಿ ಎರಡು ಕಡೆಯವರಿದ್ದಾರೆ. ಮಷೀನ್‌ನವರು ಅಂದರೆ ಆಕ್ಸಿಲರೇಟರ್ ಓಡಿಸುವವರು. ಅವರು ಪ್ರೆವೆಸಾಂನ ಕಂಟ್ರೋಲ್ ಸೆಂಟರ್‌ನಲ್ಲಿ ಕೂರುತ್ತಾರೆ. ಪ್ರಯೋಗದವರು ಅಂದರೆ ಡಿಕ್ಕಿಯಿಂದ ಹೊರಬಂದದ್ದನ್ನು ಹಿಡಿಯುವವರು. ಅಟ್ಲಾಸ್, ಸಿಎಂಎಸ್, ಆಲಿಸ್, ಎಲ್‌ಎಚ್‌ಸಿಬಿ, ಎಲ್ಲರಿಗೂ ಅವರವರದೇ ಕಂಟ್ರೋಲ್ ರೂಮ್, ಅವರವರದೇ ಗೋಳು. ಬೀಮ್ ಮಾತ್ರ ಒಂದೇ.

ದಿನದ ಮಟ್ಟದಲ್ಲಿ ಈ ಹೊಂದಾಣಿಕೆ ತುಂಬ ಅಚ್ಚುಕಟ್ಟಾಗಿದೆ. ಬೀಮ್ ತುಂಬುವ ಮೊದಲು ಮಷೀನ್‌ನವರು ಎಚ್ಚರಿಕೆ ಕಳಿಸುತ್ತಾರೆ. ಪ್ರತಿ ಪ್ರಯೋಗವೂ ತನ್ನ ಸೂಕ್ಷ್ಮ ಭಾಗಗಳ ವೋಲ್ಟೇಜ್ ಇಳಿಸಿ "ರೆಡಿ" ಅಂತ ಉತ್ತರ ಕೊಡಬೇಕು. ಇದಕ್ಕೆ ಹ್ಯಾಂಡ್‌ಶೇಕ್ ಅಂತಲೇ ಹೆಸರು. ಒಬ್ಬರು ರೆಡಿ ಅನ್ನದಿದ್ದರೂ ಉಳಿದವರೆಲ್ಲ ಕಾಯಬೇಕು. ಬೀಮ್‌ಗಳನ್ನು ಡಿಕ್ಕಿಗೆ ತರುವ ಮೊದಲು ಇನ್ನೊಂದು ಸಲ, ಬೇಕೆಂದೇ ಡಂಪ್ ಮಾಡುವ ಮೊದಲು ಮತ್ತೊಂದು ಸಲ ಇದೇ ಕ್ರಮ. ರಾತ್ರಿ ಮೂರು ಗಂಟೆಗೂ ಇದು ಗಡಿಯಾರದ ಹಾಗೆ ನಡೆಯುತ್ತದೆ. ಸ್ಕ್ರೀನ್ ಮೇಲೆ "ಸ್ಟೇಬಲ್ ಬೀಮ್ಸ್" ಅಂತ ಬಂದ ಮೇಲೆಯೇ ನಮ್ಮವರು ವೋಲ್ಟೇಜ್ ಏರಿಸುವುದು.

ಜಗಳ ಇರುವುದು ದಿನದಲ್ಲಲ್ಲ, ವರ್ಷದ ಕ್ಯಾಲೆಂಡರ್‌ನಲ್ಲಿ. ನಮಗೂ ಅಟ್ಲಾಸ್‌ಗೂ ಎಷ್ಟು ಡಿಕ್ಕಿ ಕೊಟ್ಟರೂ ಸಾಲದು. ಎಲ್‌ಎಚ್‌ಸಿಬಿಗೆ ಅಷ್ಟು ಬೇಡ. ಆಲಿಸ್‌ಗಂತೂ ಪ್ರೋಟಾನ್ ಡಿಕ್ಕಿ ಇನ್ನೂ ಕಡಿಮೆ ಬೇಕು. ಅವರ ಜಾಗದಲ್ಲಿ ಎರಡು ಬೀಮ್‌ಗಳನ್ನು ಬೇಕೆಂದೇ ಚೂರು ಸರಿಸಿ, ಅಂಚು ಮಾತ್ರ ತಾಗುವಂತೆ ಓಡಿಸುತ್ತಾರೆ. ಆಲಿಸ್‌ನವರು ಇಡೀ ವರ್ಷ ಕಾಯುವುದು ಸೀಸದ ಅಯಾನ್‌ಗಳಿಗೆ, ಅಂದರೆ ಎಲೆಕ್ಟ್ರಾನ್ ಕಿತ್ತ ಸೀಸದ ಪರಮಾಣುಗಳಿಗೆ. ಇದರ ಮೇಲೆ ಮಷೀನ್‌ನವರು ತಮ್ಮ ಪರೀಕ್ಷೆಗಳಿಗೆ ದಿನ ಕೇಳುತ್ತಾರೆ. ರಿಪೇರಿಗೆ ಟೆಕ್ನಿಕಲ್ ಸ್ಟಾಪ್ ಬೇಕು. ಅಷ್ಟೇ ಅಲ್ಲ, ನಮಗೆ ಬೀಮ್ ಕೊಡುವ ಎಸ್‌ಪಿಎಸ್, ಪಿಎಸ್ ಯಂತ್ರಗಳಿಗೆ ಬೇರೆ ಗಿರಾಕಿಗಳೂ ಇದ್ದಾರೆ. ಎಲ್‌ಎಚ್‌ಸಿ ತುಂಬುವಷ್ಟು ಹೊತ್ತು ಎಸ್‌ಪಿಎಸ್‌ನ ನಾರ್ತ್ ಏರಿಯಾದವರಿಗೆ ಬೀಮ್ ಕಡಿಮೆ ಸಿಗುತ್ತದೆ. ನಮ್ಮ ಫಿಲ್ (ಒಂದು ಸಲ ತುಂಬಿದ ಬೀಮ್) ಮಧ್ಯದಲ್ಲೇ ಬಿದ್ದು ಮತ್ತೆ ಮತ್ತೆ ತುಂಬಬೇಕಾಗಿ ಬಂದರೆ ಅವರ ಮುಖ ನೋಡಬೇಕು!

ಈ ವರ್ಷದ ಒಂದು ಹೊಂದಾಣಿಕೆ ಮಾತ್ರ ನನಗೆ ತುಂಬ ಇಷ್ಟವಾಯಿತು. ಎಲ್‌ಎಚ್‌ಸಿಎಫ್ ಅಂತ ಒಂದು ಪುಟ್ಟ ಪ್ರಯೋಗ ಇದೆ. ಅಟ್ಲಾಸ್‌ನ ಡಿಕ್ಕಿ ಜಾಗದಿಂದ 140 ಮೀಟರ್ ದೂರದಲ್ಲಿ, ಎರಡೂ ಬದಿಗೆ ಸಣ್ಣ ಡಿಟೆಕ್ಟರ್‌ಗಳು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಏನಾಗುತ್ತದೆ ಅಂತ ತಿಳಿಯಲು ಇಲ್ಲಿನ ಅಳತೆ ಬೇಕು. ಆದರೆ ಅವರ ಡಿಟೆಕ್ಟರ್ ನಮ್ಮ ಮಾಮೂಲಿ ಲ್ಯುಮಿನಾಸಿಟಿಯನ್ನು, ಅಂದರೆ ಅಷ್ಟೊಂದು ಡಿಕ್ಕಿಗಳನ್ನು, ತಡೆಯುವುದಿಲ್ಲ, ವಿಕಿರಣಕ್ಕೆ ಹಾಳಾಗುತ್ತದೆ. ಹಾಗಾಗಿ ಯಂತ್ರ ನಿಂತಾಗ ಒಳಗಿಟ್ಟು, ಕಡಿಮೆ ಡಿಕ್ಕಿಯ ಬೀಮ್ ಕೊಟ್ಟು, ಮುಗಿದ ಕೂಡಲೇ ಹೊರಗೆ ತೆಗೆಯಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಅವರಿಗೆ ಸರದಿ ಸಿಕ್ಕಿತು. ಒಂದೇ ಫಿಲ್ 57 ಗಂಟೆ ನಿಂತಿತು, ಎಲ್‌ಎಚ್‌ಸಿಯಲ್ಲಿ ಅಷ್ಟು ಉದ್ದದ್ದು ಹಿಂದೆ ಆಗಿರಲಿಲ್ಲ. ನಮಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ. ಆದರೂ ಯಾರೂ ಗೊಣಗಲಿಲ್ಲ. ನಾನು ಸ್ವಲ್ಪ ಗೊಣಗಿರಬಹುದು.

ಇನ್ನು ಕರೆಂಟಿನ ವಿಷಯ. ಸೆರ್ನ್ ವರ್ಷಕ್ಕೆ ಸುಮಾರು 130 ಕೋಟಿ ಯೂನಿಟ್ ಉರಿಸುತ್ತದೆ. ಎಲ್ಲ ಓಡುತ್ತಿರುವಾಗ ಒಂದು ಹೊತ್ತಿನ ಬೇಡಿಕೆ 200 ಮೆಗಾವ್ಯಾಟ್ ಹತ್ತಿರ. ನಮ್ಮ ರಾಯಚೂರು ಥರ್ಮಲ್‌ನ ಹಳೇ ಘಟಕ ಒಂದೊಂದೂ 210 ಮೆಗಾವ್ಯಾಟಿನದು. ಅಂದರೆ ಶಕ್ತಿನಗರದ ಒಂದು ಘಟಕ ಪೂರ್ತಿ ಇಲ್ಲಿಗೇ ಬೇಕು. ಅದಕ್ಕೇ ಚಳಿಗಾಲದಲ್ಲಿ, ಇಡೀ ಫ್ರಾನ್ಸ್ ಹೀಟರ್ ಹಾಕುವ ಹೊತ್ತಿನಲ್ಲಿ, ಯಂತ್ರ ನಿಲ್ಲಿಸಿ ರಿಪೇರಿ ಮಾಡುವುದು ಹಳೆಯ ಪದ್ಧತಿ. ಆಗ ಬಳಕೆ 80 ಮೆಗಾವ್ಯಾಟ್‌ವರೆಗೆ ಇಳಿಯುತ್ತದೆ.

ಈ ವರ್ಷ ಉಕ್ರೇನ್ ಯುದ್ಧದಿಂದಾಗಿ ಗ್ಯಾಸ್ ದುಬಾರಿ. ಸಾಲದ್ದಕ್ಕೆ ಫ್ರಾನ್ಸಿನ 56 ಅಣು ರಿಯಾಕ್ಟರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಬೇಸಿಗೆಯ ಕೊನೆಗೆ ನಿಂತಿದ್ದವು. ಸೆಪ್ಟೆಂಬರ್ ಕೊನೆಯಲ್ಲಿ ಸೆರ್ನ್ ಕೌನ್ಸಿಲ್ ತೀರ್ಮಾನ ಮಾಡಿತು: ವರ್ಷದ ಕೊನೆಯ ಸ್ಟಾಪ್ ಎರಡು ವಾರ ಮೊದಲೇ, ನವೆಂಬರ್ 28ಕ್ಕೆ. ಮುಂದಿನ ವರ್ಷ ಓಡಿಸುವುದರಲ್ಲಿ 20 ಶೇಕಡಾ ಕಡಿತ. ರಾತ್ರಿ ಬೀದಿ ದೀಪ ಆರಿಸುವುದು, ಕಟ್ಟಡಗಳ ಹೀಟಿಂಗ್ ಒಂದು ವಾರ ತಡವಾಗಿ ಹಾಕುವುದು. ಜೊತೆಗೆ, ಗ್ರಿಡ್ ಕುಸಿಯುವ ಹಾಗಾದರೆ ಮೊದಲು ಯಾವುದು ಆರಿಸಬೇಕು, ಆಮೇಲೆ ಯಾವುದು ಅನ್ನುವ ಲೋಡ್ ಶೆಡ್ಡಿಂಗ್ ಪಟ್ಟಿ. ಆ ಪದ ಸ್ಲೈಡ್ ಮೇಲೆ ಬಂದಾಗ ನಗು ತಡೆಯಲಾಗಲಿಲ್ಲ. ಪಕ್ಕದ ಜರ್ಮನ್ ಸಹೋದ್ಯೋಗಿ ಯಾಕೆ ಅಂತ ನೋಡಿದ. ಇಡೀ ರಾಜ್ಯಕ್ಕೆ ಕರೆಂಟ್ ಕೊಡುವ ಊರಿನ ಪಕ್ಕದಲ್ಲೇ ಹುಟ್ಟಿ, ಪರೀಕ್ಷೆಯ ಹಿಂದಿನ ರಾತ್ರಿ ಮೇಣದಬತ್ತಿಯಲ್ಲಿ ಓದಿದವರಿಗೆ ಮಾತ್ರ ಗೊತ್ತಾಗುವ ಜೋಕು ಅದು.

ಎರಡು ವಾರ ಕತ್ತರಿಸಬೇಕು ಸರಿ. ಯಾವ ಎರಡು ವಾರ? ಹೊರಗಿನವರಿಗೆ ಎಲ್ಲ ವಾರವೂ ಒಂದೇ ಅನ್ನಿಸುತ್ತದೆ. ಹಾಗಿಲ್ಲ. ಜುಲೈ 5ಕ್ಕೆ 13.6 ಟೆರಾಎಲೆಕ್ಟ್ರಾನ್‌ವೋಲ್ಟ್ (ಡಿಕ್ಕಿಯ ಶಕ್ತಿಯ ಅಳತೆ) ಮಟ್ಟದಲ್ಲಿ ರನ್ 3, ಅಂದರೆ ಎಲ್‌ಎಚ್‌ಸಿಯ ಮೂರನೇ ದೊಡ್ಡ ಓಟ, ಶುರುವಾದಾಗ ಉಂಗುರದಲ್ಲಿ ಇದ್ದದ್ದು ಕೆಲವೇ ಬಂಚ್‌ಗಳು (ಪ್ರೋಟಾನ್‌ಗಳ ಗೊಂಚಲು). ಪ್ರತಿ ಹಂತದಲ್ಲೂ ಎಲ್ಲ ಸುರಕ್ಷಿತವೇ ಅಂತ ನೋಡಿಕೊಂಡು ಏರಿಸುತ್ತ ಹೋದರು. ಈಗ ಒಂದೊಂದು ಬೀಮ್‌ನಲ್ಲಿ 2,400ಕ್ಕೂ ಹೆಚ್ಚು ಬಂಚ್. ಜುಲೈನ ಒಂದು ವಾರ ಕೊಟ್ಟ ಡೇಟಾವನ್ನು ನವೆಂಬರ್‌ನಲ್ಲಿ ಒಂದೇ ದಿನದಲ್ಲಿ ದಾಟಿಬಿಡಬಹುದು. ಯಂತ್ರ ಹದಕ್ಕೆ ಬಂದಾಗಲೇ ನಿಲ್ಲಿಸಬೇಕಾದದ್ದು. ಇನ್ನೊಂದು ಕಡೆ ಆಗಸ್ಟ್ 23ರ ಕೂಲಿಂಗ್ ಟವರ್ ತೊಂದರೆಯಿಂದ ಪ್ರೋಟಾನ್‌ಗೆ ಆಗಲೇ ಸುಮಾರು ನಾಲ್ಕು ವಾರ ನಷ್ಟವಾಗಿತ್ತು. ಸೆಪ್ಟೆಂಬರ್‌ಗೆ ಇಟ್ಟಿದ್ದ ರಿಪೇರಿಗಳನ್ನು ಆ ಬಿಡುವಿನಲ್ಲೇ ಮುಗಿಸಿ ಸ್ವಲ್ಪ ದಿನ ಉಳಿಸಿದೆವು. ಆದರೂ ಪ್ರೋಟಾನ್ ಕಡೆಯಿಂದ ಮತ್ತೆ ಕೊಡಿ ಅಂತ ಕೇಳುವುದು ಕಷ್ಟವಿತ್ತು.

ಉಳಿದದ್ದು ಅಯಾನ್. ಸೀಸದ ಬೀಮ್ ಸ್ವಿಚ್ ಒತ್ತಿದರೆ ಬರುವುದಿಲ್ಲ. ಸೀಸವನ್ನು ಪುಟ್ಟ ಒಲೆಯಲ್ಲಿ ಕಾಯಿಸಿ ಆವಿ ಮಾಡುವುದರಿಂದ ಶುರು. ಬೇರೆಯೇ ಲಿನಾಕ್ (ನೇರ ಗೆರೆಯಲ್ಲಿ ಓಡಿಸುವ ಯಂತ್ರ), ಬೇರೆಯೇ ಸಣ್ಣ ಉಂಗುರ, ಆಮೇಲೆ ಪಿಎಸ್, ಎಸ್‌ಪಿಎಸ್. ಎಲ್‌ಎಚ್‌ಸಿಯನ್ನೂ ಅದಕ್ಕೆ ಹೊಂದಿಸಬೇಕು. ಆ ತಯಾರಿಯ ದಿನಗಳನ್ನು ಕಡಿಮೆ ಮಾಡಲಾಗುವುದಿಲ್ಲ. ರನ್ ಗಿಡ್ಡವಾದಷ್ಟೂ ತಯಾರಿಯೇ ಅದನ್ನೆಲ್ಲ ತಿನ್ನುತ್ತದೆ. ಅರ್ಧ ಮಾಡಿದರೆ ಅರ್ಧ ಫಲ ಸಿಗುವುದಿಲ್ಲ, ಕಾಲು ಭಾಗವೂ ಸಿಗಲಿಕ್ಕಿಲ್ಲ. ಹಾಗಾಗಿ ಇಡೀ ಅಯಾನ್ ರನ್ ಮುಂದಿನ ವರ್ಷಕ್ಕೆ ಹೋಯಿತು. ಲೆಕ್ಕ ಸರಿಯಾಗಿಯೇ ಇದೆ. ನನಗೆ ಚುಚ್ಚಿದ್ದು ಬೇರೆ. ಅಯಾನ್ ಯಾವಾಗಲೂ ವರ್ಷದ ಕೊನೆಗೆ. ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಹೋಳಿಗೆ ಬರುವಷ್ಟರಲ್ಲಿ ಬುಟ್ಟಿ ಖಾಲಿ. ಬಡಿಸುವವರಿಗೆ ಅವರ ಮೇಲೆ ದ್ವೇಷವಿಲ್ಲ, ಸಾಲು ಹಾಗಿದೆ ಅಷ್ಟೇ. ಬೇಸಿಗೆಯಲ್ಲಿ ಆದ ನಷ್ಟವೂ, ಚಳಿಗಾಲದ ಕರೆಂಟಿನ ಕೊರತೆಯೂ ಕೊನೆಗೆ ಬಂದು ಬೀಳುವುದು ಅದೇ ವಾರಗಳ ಮೇಲೆ.

ಆಲಿಸ್‌ನಲ್ಲಿರುವ ಕೋಲ್ಕತ್ತದ ಗೆಳತಿಗೆ ಕ್ಯಾಂಟೀನಿನಲ್ಲಿ ಸಿಕ್ಕಾಗ ಏನು ಹೇಳಬೇಕೋ ತಿಳಿಯಲಿಲ್ಲ. ಅವಳೇ ಅಂದಳು: "ನೀವು ಪ್ರೋಟಾನ್‌ನವರು ಕೊನೆಯ ದಿನದವರೆಗೂ ತಿಂದಿರಿ, ಈಗ ಶಟ್‌ಡೌನ್‌ನಲ್ಲಿ ಅನುಭವಿಸಿ." ಅವಳ ಮಾತು ನಿಜ. ಅಯಾನ್ ಬೀಮ್ ತುಂಬ ತೆಳು. ವರ್ಷದ ಕೊನೆಗೆ ಅದು ಓಡುತ್ತಿದ್ದರೆ, ಪ್ರೋಟಾನ್‌ನಿಂದ ವಿಕಿರಣಶೀಲವಾದ ಭಾಗಗಳು ಅಷ್ಟರಲ್ಲಿ ಸಾಕಷ್ಟು ತಣ್ಣಗಾಗಿರುತ್ತವೆ. ಈ ಸಲ ಪ್ರೋಟಾನ್ ನಾಳೆಯವರೆಗೂ ಓಡುತ್ತಿದೆ. ಆದ್ದರಿಂದ ಕೆಲವು ಜಾಗಗಳಿಗೆ ಜನರನ್ನು ಕಳಿಸಲು ಜಾಸ್ತಿ ಕಾಯಬೇಕು. ಅಕ್ಟೋಬರ್ ಇಡೀ ನಾನು ಕೆಲಸಗಳ ಕ್ರಮವನ್ನು ಹಿಂದೆ ಮುಂದೆ ಮಾಡುತ್ತ ಕೂತದ್ದು ಇದಕ್ಕೇ.

ಒಂದು ಸಮಾಧಾನ ಇದೆ. ನವೆಂಬರ್ 18ಕ್ಕೆ ಸೀಸದ ಬೀಮ್ ಪರೀಕ್ಷೆಗೆ ಜಾಗ ಸಿಕ್ಕಿತು. ಒಂದು ಜೋಡಿ ನ್ಯೂಕ್ಲಿಯಾನ್‌ಗೆ (ಪ್ರೋಟಾನ್ ಅಥವಾ ನ್ಯೂಟ್ರಾನ್) 5.36 ಟೆರಾಎಲೆಕ್ಟ್ರಾನ್‌ವೋಲ್ಟ್, ಸೀಸದ ಡಿಕ್ಕಿಯಲ್ಲಿ ಇದುವರೆಗಿನ ದಾಖಲೆ. 2018ರ ನಂತರದ ಉದ್ದ ಶಟ್‌ಡೌನ್‌ನಲ್ಲಿ ಎಲ್ಲ ಡಿಟೆಕ್ಟರ್‌ಗಳೂ ಬದಲಾಗಿವೆ, ಆಲಿಸ್ ಅಂತೂ ಒಳಗಿನಿಂದ ಹೊಸದು. ನಿಜವಾದ ಅಯಾನ್ ನೋಡದೆ ಅವು ಸರಿಯಿವೆ ಅಂತ ಹೇಳುವುದು ಹೇಗೆ? ಆ ಒಂದು ಪರೀಕ್ಷೆ ಇಲ್ಲದಿದ್ದರೆ ಮುಂದಿನ ವರ್ಷದ ರನ್‌ನ ಮೊದಲ ವಾರ ತಪ್ಪು ಹುಡುಕುವುದರಲ್ಲೇ ಹೋಗುತ್ತಿತ್ತು.

ನಾಳೆಯ ವಿಷಯಕ್ಕೆ ಬರೋಣ. ಬೀಮ್ ಹೋದ ಕೂಡಲೇ ಯಾರೂ ಕೆಳಗೆ ಓಡುವುದಿಲ್ಲ. ಮೊದಲು ವಿಕಿರಣ ಸುರಕ್ಷತೆಯವರು ಅಳೆಯುತ್ತಾರೆ. ಅವರು ಹೂಂ ಅಂದ ಮೇಲೆ ಬಾಗಿಲು. ಡಿಟೆಕ್ಟರ್ ತೆರೆಯಬೇಕಾದರೆ 3.8 ಟೆಸ್ಲಾ ಮ್ಯಾಗ್ನೆಟ್ ಇಳಿಸಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಸಿಎಂಎಸ್‌ನ ಒಟ್ಟು ತೂಕ 14,000 ಟನ್. ಅದರ ದೊಡ್ಡ ದೊಡ್ಡ ಹೋಳುಗಳನ್ನು ಗಾಳಿಯ ಪ್ಯಾಡ್ ಮೇಲೆ ಎತ್ತಿ ಹಿಂದಕ್ಕೆ ಸರಿಸುತ್ತಾರೆ. ಅಲ್ಲಿಯ ಪ್ರೀಶವರ್ ಭಾಗದ ಸಿಲಿಕಾನ್ ಸೆನ್ಸರ್‌ಗಳಲ್ಲಿ ಒಂದಷ್ಟು ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾದವು, ಬಾರ್ಕ್‌ನವರ ವಿನ್ಯಾಸ. ಇದನ್ನು ಇಲ್ಲಿಗೆ ಬರುವ ಪ್ರತಿ ಕನ್ನಡಿಗರಿಗೂ ಹೇಳಿ ಬೇಸರ ಹಿಡಿಸಿದ್ದೇನೆ, ನೀವೂ ಸಹಿಸಿಕೊಳ್ಳಿ.

ಶಟ್‌ಡೌನ್ ಅಂದರೆ ರಜೆ ಅಂತ ಅಮ್ಮ ತಿಳಿದುಕೊಂಡಿದ್ದಾರೆ. "ಮಷೀನ್ ಬಂದ್ ಆಯ್ತಲ್ಲ, ಸಂಕ್ರಾಂತಿಗೆ ಬಾ" ಅಂತ ಫೋನ್. ನಿಂತಾಗಲೇ ನಮಗೆ ಕೆಲಸ ಜಾಸ್ತಿ ಅಮ್ಮ ಅಂದರೆ, "ಓಡುವಾಗಲೂ ಹಂಗೇ ಅಂತಿದ್ದೆ" ಅಂದರು. ಉತ್ತರ ಇರಲಿಲ್ಲ. ಸ್ಟಾಪ್ ಮೊದಲೇ ಬಂದಿದ್ದರಿಂದ ಕ್ರಿಸ್ಮಸ್‌ಗೆ ಇಡೀ ಲ್ಯಾಬ್ ಮುಚ್ಚುವ ಮೊದಲೇ ಒಂದಷ್ಟು ಕೆಲಸ ಮುಗಿಯುತ್ತದೆ. ಹೊರಗಿನ ಗುತ್ತಿಗೆ ತಂಡಗಳು ಮಾತ್ರ ಹಳೆಯ ತಾರೀಖಿಗೆ ಬುಕ್ ಆಗಿವೆ. ಕ್ರೇನ್ ನಡೆಸುವವರು ಸಿಕ್ಕಿದ್ದಾರೆ, ಕೂಲಿಂಗ್ ಪೈಪ್ ಕೆಲಸದವರು ಜನವರಿಗೇ ಬರುವುದು. ಹಾಗಾಗಿ ಸಂಕ್ರಾಂತಿ ಕಷ್ಟ, ಯುಗಾದಿಗೆ ಆಗಲೇ ಬೀಮ್ ತಯಾರಿ.

2023ರ ಕರಡು ಕ್ಯಾಲೆಂಡರ್ ಆಗಲೇ ಕೈಯಲ್ಲಿದೆ. ಅದರಲ್ಲಿ ಅಯಾನ್ ರನ್ ಚಳಿಗೆ ಮೊದಲೇ, ಶರತ್ಕಾಲದಲ್ಲಿ ಇದೆ, ಉದ್ದವೂ ಇದೆ. ಒಟ್ಟು ಓಟ ಕಡಿಮೆಯಾದ ವರ್ಷದಲ್ಲಿ ಅಷ್ಟು ಕೊಟ್ಟರೆ ಪ್ರೋಟಾನ್‌ಗೆ ಹೊಡೆತ ಬೀಳುತ್ತದೆ ಅಂತ ನಮ್ಮಲ್ಲೇ ಕೆಲವರು ತಕರಾರು ಬರೆಯಬೇಕು ಅನ್ನುತ್ತಿದ್ದಾರೆ. ನಮ್ಮ ಪ್ರಯೋಗಕ್ಕೂ ಅಯಾನ್ ಡೇಟಾ ಬೇಕು, ನಮ್ಮಲ್ಲೂ ಅದನ್ನೇ ನಂಬಿದ ವಿದ್ಯಾರ್ಥಿಗಳಿದ್ದಾರೆ ಅನ್ನುವುದು ಅವರಿಗೆ ಮರೆತಂತಿದೆ. ಈ ವಾರ ಉತ್ತರ ಕಳಿಸಬೇಕು. ನಾನು ಬರೆದಿರುವ ಕರಡಿನಲ್ಲಿ ಅಯಾನ್ ವಾರಗಳ ಬಗ್ಗೆ ತಕರಾರಿಲ್ಲ. ಒಂದು ಟೆಕ್ನಿಕಲ್ ಸ್ಟಾಪ್ ಮಾತ್ರ ಹಿಂದಕ್ಕೆ ಸರಿಸಿ ಅಂತ ಕೇಳಿದ್ದೇನೆ, ಅದೂ ಮಷೀನ್‌ನವರಿಗೆ ತೊಂದರೆ ಇಲ್ಲದಿದ್ದರೆ. ಮೇಲಿನವರು ತಿದ್ದದೆ ಬಿಟ್ಟರೆ ಹಾಗೇ ಹೋಗುತ್ತದೆ.

ರಾತ್ರಿ ಎಂಟಕ್ಕೆ ಸ್ಪೇನ್–ಜರ್ಮನಿ ವಿಶ್ವಕಪ್ ಮ್ಯಾಚ್. ನಮ್ಮ ಗುಂಪಿನಲ್ಲಿ ಎರಡೂ ದೇಶದವರಿದ್ದಾರೆ. ನಾಳೆ ಬೆಳಗಿನ ಮೀಟಿಂಗ್‌ನಲ್ಲಿ ಕ್ರೇನ್ ಯಾರಿಗೆ ಮೊದಲು ಅನ್ನುವ ಚರ್ಚೆ ಬಾಕಿ ಇದೆ, ಕೇಳುತ್ತಿರುವ ಇಬ್ಬರೂ ಅವರೇ. ಡ್ರಾ ಆದರೆ ಒಳ್ಳೆಯದು.