ಎಳ್ಳ ಅಮಾವಾಸ್ಯೆಯ ಒಂದು ತುತ್ತು

ಬೆಳಗಿನ ನಾಲ್ಕಕ್ಕೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಜೋಳದ ರೊಟ್ಟಿಯ ಸದ್ದೇ ಬೇರೆ, ಸಜ್ಜೆ ರೊಟ್ಟಿಯ ಸದ್ದೇ ಬೇರೆ. ಸಜ್ಜೆ ಹಿಟ್ಟಿಗೆ ಜಿಗುಟು ಕಡಿಮೆ, ಜೋರಾಗಿ ಬಡಿದರೆ ಅಂಚು ಸೀಳುತ್ತದೆ. ಅದಕ್ಕೇ ಅತ್ತೆ ಮೆಲ್ಲಗೆ ತಟ್ಟುತ್ತಾರೆ, ನಡುವೆ ಕೈ ನಿಲ್ಲಿಸಿ ಎಳ್ಳು ಉದುರಿಸುತ್ತಾರೆ, ಮತ್ತೆ ತಟ್ಟುತ್ತಾರೆ. ಎಳ್ಳ ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಇದೇ ಅಲಾರಂ.

ಹೋದ ವರ್ಷ ಇದೇ ಸದ್ದಿಗೆ ಎದ್ದು ನೇರ ಒಲೆ ಹತ್ತಿರ ಹೋಗಿದ್ದೆ. ತವೆಯಿಂದ ಇಳಿದ ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿ ತಿಂದು, ನೈವೇದ್ಯಕ್ಕಿಂತ ಮೊದಲೇ ಬಾಯಿಗೆ ಹಾಕಿದೆ ಅಂತ ಬೈಸಿಕೊಂಡಿದ್ದೆ. ಈ ವರ್ಷ ಹಾಸಿಗೆಯಲ್ಲೇ ಮಲಗಿ ಆ ವಾಸನೆ ತಗೊಂಡೆ. ಘಮ ಚೆನ್ನಾಗಿತ್ತು. ಆದರೆ ಹೊಟ್ಟೆ ತುಟಿ ಪಿಟಕ್ಕೆನ್ನಲಿಲ್ಲ.

ದಸರಾ ರಜೆಯಲ್ಲಿ ಹೈದರಾಬಾದಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದೆ. ಅದಕ್ಕೆ ಸ್ಲೀವ್ ಅನ್ನುತ್ತಾರೆ. ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಒಂದು ಕೊಳವೆಯನ್ನಷ್ಟೇ ಉಳಿಸುತ್ತಾರೆ. ಆಗ ನನ್ನ ತೂಕ 112 ಕಿಲೋ, ಎತ್ತರ ಐದಡಿ ಎರಡಿಂಚು. ಶುಗರ್ ಇತ್ತು, ಬಿಪಿ ಇತ್ತು. ಶಾಲೆಯ ಮೊದಲನೇ ಮಹಡಿಗೆ ಹತ್ತುವಾಗ ಮಕ್ಕಳು ನನ್ನ ಹಿಂದೆ ಸಾಲಾಗಿ ನಿಂತು ಕಾಯುತ್ತಿದ್ದವು, ಮುಂದೆ ಹೋಗಲು ಅವಕ್ಕೆ ಸಂಕೋಚ. ಡಯಟ್ಟು, ವಾಕಿಂಗು, ಕಷಾಯ, ಹದಿನೈದು ವರ್ಷ ಎಲ್ಲ ಆಯಿತು. ಹತ್ತು ಕಿಲೋ ಇಳಿದರೆ ಹನ್ನೆರಡು ಏರುತ್ತಿತ್ತು. ಕೊನೆಗೆ ಶಿಕ್ಷಕರ ಸೊಸೈಟಿಯಲ್ಲಿ ಸಾಲ ತೆಗೆದು, ಮೂರೂವರೆ ಲಕ್ಷ ಹೊಂದಿಸಿ ಹೊರಟೆವು.

ಯಾರಿಗೂ ಹೇಳಲಿಲ್ಲ. ಯಜಮಾನರಿಗೆ ಗೊತ್ತು, ಮಗಳಿಗೆ ಗೊತ್ತು. ಉಳಿದವರಿಗೆಲ್ಲ ಪಿತ್ತಕೋಶದಲ್ಲಿ ಕಲ್ಲು ಅಂದೆವು. ಅತ್ತೆಗೂ ಅದೇ. ಅವರು ಆಳಂದ ರಸ್ತೆಯ ಹಳ್ಳಿಯಲ್ಲಿ ಇರುತ್ತಾರೆ, ಕಲಬುರಗಿಗೆ ಬರುವುದೇ ಅಪರೂಪ. ಸುಳ್ಳು ಹೇಳಿದ್ದು ತಪ್ಪೇ. ಆದರೆ 'ತಿನ್ನೋದು ಕಡಿಮಿ ಮಾಡಕ್ಕಾಗದೆ ಹೊಟ್ಟಿನೇ ಕೊಯ್ಯಿಸಿಕೊಂಡಳು' ಅನ್ನುವ ಮಾತು ಕೇಳುವ ಧೈರ್ಯ ನನಗಿರಲಿಲ್ಲ.

ಆಪರೇಷನ್ ದೊಡ್ಡ ಕಥೆಯಲ್ಲ. ಹೊಟ್ಟೆಯ ಮೇಲೆ ಐದು ಸಣ್ಣ ತೂತು. ಸಂಜೆಗೆಲ್ಲ ಎಬ್ಬಿಸಿ ಕಾರಿಡಾರಿನಲ್ಲಿ ನಡೆಸಿದರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ವಾ. ಆಶ್ಚರ್ಯವೆಂದರೆ ಹೊಟ್ಟೆಗಿಂತ ಭುಜ ಜಾಸ್ತಿ ನೋವಾಯಿತು. ದೂರ್ಬೀನಿನ ಆಪರೇಷನ್ನಿಗೆ ಹೊಟ್ಟೆಯನ್ನು ಗ್ಯಾಸ್ ತುಂಬಿ ಉಬ್ಬಿಸುತ್ತಾರಂತೆ. ಆ ಗ್ಯಾಸ್ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಅಂದರೆ ವಪೆಯನ್ನು ಕೆಣಕುತ್ತದೆ, ವಪೆಯ ನರಕ್ಕೂ ಭುಜಕ್ಕೂ ನಂಟು. ಮೂರು ದಿನ ಭುಜ ಹಿಡಿದುಕೊಂಡೇ ತಿರುಗಿದೆ.

ನಿಜವಾದ ಪಾಡು ಶುರುವಾದದ್ದು ಮನೆಗೆ ಬಂದ ಮೇಲೆ. ಮೊದಲ ಎರಡು ವಾರ ಬರೀ ನೀರಿನಂಥದ್ದು. ಔಷಧಿಯ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳ ಇರುತ್ತಲ್ಲ, ಅದರಲ್ಲಿ ಗುಟುಕು ಗುಟುಕಾಗಿ ಮಜ್ಜಿಗೆ, ಎಳನೀರು, ತೊಗರಿ ಬೇಳೆಯ ಕಟ್ಟು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಬಂದಾಗ ನಮ್ಮ ಶಾಲೆಯ ಬೋರ್ಡ್ ಮೇಲೆ ನಾನೇ ದೊಡ್ಡದಾಗಿ ಬರೆದಿದ್ದೆ. ಆ ಬೇಳೆಯ ತಿಳಿನೀರನ್ನೇ ಮುಚ್ಚಳದಲ್ಲಿ ಅಳೆದು ಕುಡಿಯುವ ದಿನ ಬಂದೀತು ಅಂತ ಯಾರಿಗೆ ಗೊತ್ತಿತ್ತು! ಆಮೇಲೆ ಮಿಕ್ಸಿಯಲ್ಲಿ ರುಬ್ಬಿದ್ದು, ಆಮೇಲೆ ಮೆತ್ತಗಿನದು. ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಹೋಗಲೇಬೇಕು. ನಮ್ಮ ಮನೆಯಲ್ಲಿ ತತ್ತಿ ತರುವುದಿಲ್ಲ. ಹಾಗಾಗಿ ಪನೀರು, ಹೆಸರುಬೇಳೆ, ಮತ್ತೆ ಆ ಸೀಮೆಸುಣ್ಣದ ರುಚಿಯ ಪೌಡರು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ. ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ಒಟ್ಟಿಗೆ ನುಂಗುವಂತಿಲ್ಲ, ಒಂದು ಇನ್ನೊಂದನ್ನು ಮೈಗೆ ಹತ್ತಗೊಡುವುದಿಲ್ಲ. ಓರಗಿತ್ತಿಯರ ಹಾಗೆ ಅವೆರಡನ್ನೂ ಬೇರೆ ಬೇರೆ ಹೊತ್ತಿಗೆ ಕರೆಯಬೇಕು.

ಊಟದ ಜೊತೆ ನೀರು ಕುಡಿಯುವಂತಿಲ್ಲ. ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಹೇಳುವುದು ಸುಲಭ. ಶಾಲೆಯಲ್ಲಿ ಊಟದ ಬಿಡುವು ಎಷ್ಟಿರುತ್ತೆ, ನೀವೇ ಲೆಕ್ಕ ಹಾಕಿ. ಒಂದು ತುತ್ತನ್ನು ಇಪ್ಪತ್ತೈದು ಸಲ ಅಗಿದು, ಚಮಚ ಕೆಳಗಿಟ್ಟು, ಕಾದು, ಇನ್ನೊಂದು ತುತ್ತು. ನಾಲ್ಕನೇ ಚಮಚಕ್ಕೆ ಬೆಲ್ಲು. ಹನ್ನೊಂದರ ಹೊತ್ತಿಗೆ ಸ್ಟಾಫ್ ರೂಮಿಗೆ ಸೂಸಲಾ, ಮಿರ್ಚಿ ಭಜಿ ಬರುತ್ತದೆ. ಮೊದಲು ಆ ಪೊಟ್ಟಣ ಬಿಚ್ಚುತ್ತಿದ್ದವಳೇ ನಾನು. ಈಗ ಕಿಟಕಿ ಹತ್ತಿರ ಕೂತು ನೋಟ್‌ಬುಕ್ ತಿದ್ದುತ್ತೇನೆ. 'ಟೀಚರ್, ಸಿಟ್ಟಾಗೀರೇನ್ರಿ?' ಅಂತ ಒಬ್ಬರು ಕೇಳಿದರು. ನಮ್ಮ ಊರಲ್ಲಿ ತಿನ್ನದಿದ್ದರೆ ಸಿಟ್ಟು ಅಂತಲೇ ಅರ್ಥ.

ತೂಕ ಇಳಿಯುತ್ತಿದ್ದ ಹಾಗೆ ಜನರ ದನಿಯೂ ಇಳಿಯಿತು. ಹತ್ತು ಕಿಲೋ ಹೋದಾಗ 'ಛಲೋ ಆಗೀರಿ' ಅಂದರು. ಹದಿನೈದಕ್ಕೆ ಸುಮ್ಮನಾದರು. ಇಪ್ಪತ್ತಕ್ಕೆ ತರಕಾರಿ ಮಾರುಕಟ್ಟೆಯಲ್ಲಿ ಪಕ್ಕದ ಮನೆಯವರು ತೋಳು ಹಿಡಿದು, 'ಮೈಯಾಗ ಆರಾಮ ಅದ ಇಲ್ಲ? ರಿಪೋರ್ಟ್ ಏನರ ಬಂದಾವೇನು?' ಅಂತ ಕಣ್ಣು ತುಂಬಿಕೊಂಡರು. ಮೂರನೇ ತಿಂಗಳಿಗೆ ಕೂದಲು ಬೇರೆ ಉದುರಲು ಶುರುವಾಯಿತು. ತೂಕ ದಿಢೀರ್ ಇಳಿದರೆ ಹೀಗಾಗುತ್ತೆ, ತಿರುಗಿ ಬರುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಪಕ್ಕದ ಮನೆಯವರಿಗೆ ಡಾಕ್ಟರು ಹೇಳಿರಲಿಲ್ಲವಲ್ಲ.

ಇಷ್ಟೆಲ್ಲ ಹೊತ್ತುಕೊಂಡು ಹೊಲಕ್ಕೆ ಹೊರಟೆ.

ಡಿಸೆಂಬರ್ ಕೊನೆಯ ಎರಿ ಹೊಲ ನೋಡಬೇಕು ನೀವು. ತೊಗರಿ ಒಣಗಿ ಕಂದು ಬಣ್ಣಕ್ಕೆ ತಿರುಗಿ, ಗಾಳಿ ಬಂದರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಆಚೆ ಬಿಳಿಜೋಳ ಸೊಂಟದೆತ್ತರ ಹಸಿರು. ಬದುವಿನ ಪಕ್ಕ ಕಡಲೆ. ಎರಡು ಟ್ರ್ಯಾಕ್ಟರ್ ತುಂಬ ಜನ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರು ಅಂತ ಪೂಜೆ ಮಾಡಿ, ಹೊಲದ ತುಂಬ ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯದ ಅನ್ನ, ಚೆಲ್ಲಿ ಬಂದರು. ನಾನೂ ಹೋದೆ. ಹೋದ ವರ್ಷ ಗಿಡದ ನೆರಳಲ್ಲೇ ಕೂತಿದ್ದವಳು ಈ ಸಲ ಕೊನೆಯ ಬದುವಿನ ತನಕ ನಡೆದೆ. ಮೊಣಕಾಲು ಒಂದು ಮಾತೂ ಆಡಲಿಲ್ಲ. ಕೈಯ ಬಳೆಗಳು ಮಾತ್ರ ಸಡಿಲವಾಗಿ, ಚರಗ ಚೆಲ್ಲುವಾಗ ಒಂದು ಬಳೆ ಅನ್ನದ ಜೊತೆಗೇ ಹಾರಿ ಜೋಳದ ನಡುವೆ ಬಿತ್ತು. ಮಗಳು ಹುಡುಕಿ ತಂದಳು.

ಊಟಕ್ಕೆ ಎಲ್ಲರೂ ಸಾಲಾಗಿ ಕೂತರು. ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಶೇಂಗಾ ಹಿಂಡಿ. ಎಲ್ಲಕ್ಕಿಂತ ದೊಡ್ಡದು ಭಜ್ಜಿ. ಬೇರೆ ಕಡೆಯವರು ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ನಮ್ಮ ಎಳ್ಳ ಅಮಾವಾಸ್ಯೆಯ ಭಜ್ಜಿ ಹೊಲದಲ್ಲಿ, ಸಂತೆಯಲ್ಲಿ ಆ ಹೊತ್ತಿಗೆ ಸಿಗುವ ಕಾಳು, ಕಾಯಿ, ಸೊಪ್ಪು ಎಲ್ಲ ಸೇರಿಸಿ ಕುದಿಸಿದ ಗಟ್ಟಿ ಪಲ್ಯ. ಹಸಿ ತೊಗರಿ, ಅವರೆ, ಕಡಲೆ, ಬದನೆ, ಮೆಂತ್ಯ ಸೊಪ್ಪು. ಕಾಳು ಜಾಸ್ತಿ, ಮೆತ್ತಗೆ ಬೆಂದಿರುತ್ತದೆ. ನನ್ನ ಡಯಟೀಶಿಯನ್ ಕೂತು ಬರೆದಂತಿದೆ ಅದು! ಮನೆಯಿಂದ ತಂದ ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಮೂರು ಚಮಚ ಹಾಕಿಕೊಂಡು ಒಂದು ಮೂಲೆಯಲ್ಲಿ ಕೂತೆ. ಚೆನ್ನಾಗಿ ಇಳಿಯುತ್ತಿತ್ತು.

ಅಷ್ಟರಲ್ಲಿ ಅತ್ತೆ ಬುಟ್ಟಿ ಹಿಡಿದು ಬಂದರು. ಬಟ್ಟಲು ನೋಡಿದರು.

'ಇದೇನವ್ವಾ, ಬೆಕ್ಕಿಗಿ ಇಟ್ಟಂಗ? ತಾಟು ತಗೊ.'

'ಬ್ಯಾಡ್ರಿ ಅತ್ತಿ, ಸಾಕಾಗ್ಯಾದ.'

'ಕಲ್ಲು ತೆಗದು ಮೂರು ತಿಂಗಳಾತು. ಇನ್ನೂ ಏನು ಪಥ್ಯ? ಹಬ್ಬದ ದಿನ ನನ್ನ ಕೈಯಾಂದು ಒಂದು ತುತ್ತು ಬ್ಯಾಡೇನು?'

ಕೈಯಲ್ಲಿ ಸಜ್ಜೆ ರೊಟ್ಟಿಯ ಚೂರು, ಅದರೊಳಗೆ ಬೆಣ್ಣೆ, ಹಿಂಡಿ. ಬಾಯಿಯ ಹತ್ತಿರ ತಂದು ನಿಂತಿದ್ದಾರೆ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯಲು ನೀರನ್ನೂ ಇಟ್ಟ ನಮ್ಮ ಕಲಬುರಗಿಯ ಸಂತ ಶರಣಬಸವಪ್ಪನ ಕಥೆ ಕೇಳುತ್ತ ಬೆಳೆದವರು ಅವರು. ಉಣ್ಣಿಸುವ ಕೈಯನ್ನು ಹೇಗೆ ತಳ್ಳುವುದು? ಸುತ್ತ ಇಪ್ಪತ್ತು ಜನ ನೋಡುತ್ತಿದ್ದಾರೆ. ಬಾಯಿ ತೆರೆದೆ. ಎಲ್ಲರೂ ನೋಡುತ್ತಿದ್ದಾರಲ್ಲ ಅಂತ ಗಡಿಬಿಡಿಯಲ್ಲಿ ಏಳೆಂಟು ಸಲ ಅಗಿದು ನುಂಗಿಬಿಟ್ಟೆ.

ಸಿಕ್ಕಿಕೊಂಡಿತು.

ಗಂಟಲಲ್ಲಿ ಅಲ್ಲ, ಎದೆಯ ಗೂಡಿನ ಕೆಳಗೆ, ನಟ್ಟನಡುವೆ. ಒಂದು ಮುಷ್ಟಿ ಒಳಗಿಂದ ಒತ್ತಿದ ಹಾಗೆ. ಉಸಿರಾಟಕ್ಕೆ ತೊಂದರೆಯಿಲ್ಲ, ಆದರೆ ಬಾಯಿ ತುಂಬ ತುಂಬ ಜೊಲ್ಲು ಬರುತ್ತದೆ, ದಪ್ಪನೆಯ ಲೋಳೆ. ನುಂಗಿದರೆ ಕೆಳಗೆ ಜಾಗವಿಲ್ಲ. ನೀರು ಕುಡಿದರಂತೂ ಇನ್ನೂ ಕೆಟ್ಟದು. ಎದ್ದು ತೊಗರಿಯ ಸಾಲಿನ ಹಿಂದೆ ಓಡಿದೆ. ಬಗ್ಗಿ, ಗಿಡ ಹಿಡಿದುಕೊಂಡು, ಉಗುಳುತ್ತ ನಿಂತೆ. ಒಣ ತೊಗರಿ ಗಿಲಗಿಲ ಅಂತ ಅಲ್ಲಾಡಿತು. ಆಚೆಯಿಂದ ಕಾಕು ಒಬ್ಬರು, 'ಏ, ವಾಂತಿ ಮಾಡ್ಲತ್ತಾಳಲ್ಲ! ಪೇಡೆ ತರ್ಸ್ರಿ' ಅಂತ ನಗೆಯಾಡಿದರು. ನಲವತ್ತೊಂದನೇ ವಯಸ್ಸಿಗೆ!

ಹತ್ತು ನಿಮಿಷಕ್ಕೆ ಆ ತುತ್ತು ವಾಪಸ್ ಬಂತು. ಕಣ್ಣು ಒರೆಸಿಕೊಂಡು ತಿರುಗಿದರೆ ಅತ್ತೆ ನಿಂತಿದ್ದರು. ಕೈಯಲ್ಲಿ ಚೊಂಬು.

'ಕಲ್ಲಿಂದಲ್ಲ ಇದು,' ಅಂದರು. 'ಖರೇ ಹೇಳು.'

ಅಲ್ಲೇ ಬದುವಿನ ಮೇಲೆ ಕೂತು ಹೇಳಿದೆ. ಕೊಯ್ದದ್ದು, ಉಳಿದದ್ದು, ಒಂದು ಚಹಾ ಕಪ್ಪಿನಷ್ಟು ಜಾಗ, ಸಾಲ, ಎಲ್ಲ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಸುಮ್ಮನೆ ಕೇಳಿದರು. ನಡುವೆ ಒಂದೇ ಪ್ರಶ್ನೆ: 'ಹಂಗಾದ್ರ ಹಸಿವಿ ಆದಾಗ ಏನ್ ಮಾಡ್ತಿ?'

'ಹಸಿವೇ ಆಗಂಗಿಲ್ರಿ ಅತ್ತಿ.'

ಇದು ಅವರಿಗೆ ಅರ್ಥವಾಗಲಿಲ್ಲ. ಹೊಟ್ಟೆಯಲ್ಲಿ ಗ್ರೆಲಿನ್ ಅಂತ ಒಂದು ಹಾರ್ಮೋನು ಹುಟ್ಟುತ್ತದೆ, ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವುದು ಅದು. ಅದು ಜಾಸ್ತಿ ಹುಟ್ಟುವ ಮೇಲಿನ ಭಾಗವನ್ನೇ ತೆಗೆದಿದ್ದಾರೆ. ಅದಕ್ಕೇ ಗಡಿಯಾರ ನೋಡಿ ಉಣ್ಣುತ್ತೇನೆ, ಮೊಬೈಲಿನಲ್ಲಿ ಅಲಾರಂ ಇದೆ. ನನಗೆ ಬಂದ ಹಾಗೆ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಜೋಳದ ಕಡೆ ನೋಡುತ್ತ ಕೂತರು. ಆಮೇಲೆ ಅಂದರು:

'ಮೂರೂವರೆ ಲಕ್ಷ ಕೊಟ್ಟು ಹಸಿವಿ ತೆಗಿಸಿಕೊಂಡು ಬಂದಿದಿ?'

ವ್ಯಂಗ್ಯ ಇರಲಿಲ್ಲ ಅದರಲ್ಲಿ. ನಿಜವಾಗಿಯೂ ಕೇಳಿದರು. ಆಮೇಲೆ 1972ರ ಬರದ ಮಾತು ತೆಗೆದರು. ಆಗ ಅವರಿಗೆ ಹದಿಮೂರೋ ಹದಿನಾಲ್ಕೋ. ಅವ್ವನ ಜೊತೆ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಸಂಜೆ ಕೆಂಪು ಜೋಳದ ಗಂಜಿ. ರಾತ್ರಿ ಹಸಿವಿಗೆ ನಿದ್ದೆ ಬರದೆ ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದರಂತೆ. 'ಆವಾಗ ಯಾರರ ಬಂದು ಈ ಹಸಿವಿ ಕೊಯ್ದು ತೆಗೀತೀನಿ ಅಂದಿದ್ರ, ನಾ ಮೊದಲ ಹೋಗಿ ಮಲಗ್ತಿದ್ದೆ ನೋಡು' ಅಂದು ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಆ ಮಾತಿನ ಮೇಲೆ ನಾನೂ ಒಂದು ಮಾತು ಹೇಳಿದೆ. ಮನೆಯವರಿಗೂ ಹೇಳಿರಲಿಲ್ಲ ಅದನ್ನು. ಶುಗರ್ ಮಾತ್ರೆ ಎರಡರಿಂದ ಅರ್ಧಕ್ಕೆ ಬಂದಿದೆ, ತೂಕ 92ಕ್ಕೆ ಇಳಿದಿದೆ, ಮಹಡಿ ಹತ್ತುತ್ತೇನೆ, ಪಶ್ಚಾತ್ತಾಪ ಇಲ್ಲ. ಆದರೆ ಶಾಲೆಯಿಂದ ಬರುವಾಗ ಹಸಿದು, ಮನೆಯಲ್ಲಿ ಏನು ಮಾಡಿರಬಹುದು ಅಂತ ಯೋಚಿಸುತ್ತ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆನಲ್ಲ, ಅದು ಇಲ್ಲ. ಅದರ ನೆನಪಾಗುತ್ತದೆ. ಹಸಿವು ತಿರುಗಿ ಬಂದೀತು, ಕೆಲವರಿಗೆ ವರ್ಷದ ಮೇಲೆ ಮೆಲ್ಲಗೆ ಬರುತ್ತೆ ಅಂದಿದ್ದಾರೆ ಡಾಕ್ಟರು, ಎಚ್ಚರಿಕೆ ಕೊಡುವ ದನಿಯಲ್ಲಿ. ನಾನು ಒಳಗೊಳಗೇ ಕಾಯುತ್ತಿದ್ದೇನೆ.

'ಹುಚ್ಚಿ' ಅಂದರು ಅತ್ತೆ.

ತಿರುಗಿ ಹೋದ ಮೇಲೆ ಕಾಕುಗೆ ಅವರೇ ಉತ್ತರ ಕೊಟ್ಟರು. 'ಅಕಿಗಿ ಹೊಟ್ಟಿ ಆಪರೇಷನ್ ಆಗ್ಯಾದ, ಸುಮ್ಮ ಕೂಡ್ರಿ.' ಯಾವ ಆಪರೇಷನ್ ಅಂತ ಹೇಳಲಿಲ್ಲ. ಸುಳ್ಳೂ ಹೇಳಲಿಲ್ಲ. ನನಗೆ ಮೂರು ತಿಂಗಳಲ್ಲಿ ಹೊಳೆಯದ ದಾರಿ ಅದು.

ಮೂರು ಗಂಟೆಗೆ ಗಂಡಸರು ಕಡಲೆ ಗಿಡ ಕಿತ್ತು ತಂದು, ತೊಗರಿ ಕಟ್ಟಿಗೆ ಹಾಕಿ ಸುಟ್ಟರು. ಸುಲಗಾಯಿ. ಹೊಗೆ, ಬೂದಿ, ಕಪ್ಪು ಬೆರಳು. ಮಕ್ಕಳೆಲ್ಲ ಮುತ್ತಿಕೊಂಡರು. ನನ್ನ ಮೊಬೈಲ್ ಅಲಾರಂ ಹೊಡೆಯಿತು, ಮೂರೂವರೆಯ ತಿನಿಸಿನ ಹೊತ್ತು. ಅತ್ತೆ ಆ ಸದ್ದಿಗೆ ತಿರುಗಿ ನೋಡಿದರು. ಸೆರಗಿನಲ್ಲಿ ಒಂದು ಹಿಡಿ ಸುಲಗಾಯಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಒಂದೊಂದೇ ಸುಲಿದು, ಸಿಪ್ಪೆ ಊದಿ, ನನ್ನ ಸ್ಟೀಲ್ ಬಟ್ಟಲಿಗೆ ಹಾಕತೊಡಗಿದರು. ಬಾಯಿಬಿಟ್ಟು ಎಣಿಸುತ್ತಿದ್ದರು. ಹತ್ತಕ್ಕೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

'ಸಾಕೇನು? ಇನ್ನೊಂದೆರಡು ನಡೀತದೇನು?'

'ಎರಡು ನಡೀತದ್ರಿ.'

ಹನ್ನೆರಡು ಮಾಡಿ, ಉಳಿದದ್ದನ್ನು ತಾವೇ ಬಾಯಿಗೆ ಹಾಕಿಕೊಂಡರು. ನಾನು ಮೊದಲ ಕಾಳು ಅಗಿಯುತ್ತಿದ್ದೆ. ಹದಿನೇಳು, ಹದಿನೆಂಟು. ಅತ್ತೆ ಆಗಲೇ ಎಂಟು ಕಾಳು ಮುಗಿಸಿದ್ದರು.